ಬಳೆ ಸದ್ದಿಗೆ ಹಾಲು ಇಳಿಸುತ್ತಿದ್ದ ಎಮ್ಮೆ

ನನ್ನ ಮಾವನವರು ಜಗಲಿಯಲ್ಲಿ ಒಂದು ಸಲ ಕೆಮ್ಮಿದರೆ ಅವರೊಬ್ಬರಿಗೆ ಕಾಫಿ, ಎರಡು ಸಲ ಕೆಮ್ಮಿದರೆ ಬಂದವರಿಗೂ ಸೇರಿಸಿ ಕಾಫಿ. ಹಾಗೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮದುವೆಯಾಗಿ ಬಂದ ನಾಲ್ಕಾರು ತಿಂಗಳಲ್ಲಿ ನನ್ನ ಕೈ ತಾನೇ ಕಲಿತುಕೊಂಡಿತ್ತು. ಕೆಮ್ಮು ಕೇಳಿದ್ದೇ ಕೈ ಒಲೆಯ ಪಕ್ಕದ ಪಾತ್ರೆಗೆ ಹೋಗುತ್ತಿತ್ತು. ಯಾಕೆ ಹೋಯಿತೆಂದು ತಲೆಗೆ ಆಮೇಲೆ ಗೊತ್ತಾಗುತ್ತಿತ್ತು.

ಮೊನ್ನೆ ನಿಮ್ಮಲ್ಲಿ ಒಬ್ಬಳು ಪರೀಕ್ಷೆಗೆ ಓದುತ್ತ, ಗಂಟೆ ಬಾರಿಸಿದರೆ ನಾಯಿಯ ಬಾಯಲ್ಲಿ ನೀರೂರುವ ಪಾಠವನ್ನು ನನಗೆ ವಿವರಿಸಲು ಹೊರಟಳು. ‘ಅಜ್ಜಿ, ಇದು ಸ್ವಲ್ಪ ಕಷ್ಟ, ನಿಧಾನ ಕೇಳು’ ಎಂದಳು. ನಾನು ನಿಧಾನವಾಗಿಯೇ ಕೇಳಿದೆ. ಆದರೆ ಮಕ್ಕಳೇ, ಆ ಪಾಠ ನನಗೆ ನಿಮ್ಮ ಅಪ್ಪ ಹುಟ್ಟುವ ಮೊದಲೇ ಆಗಿತ್ತು, ನಮ್ಮ ಮನೆಯ ಕೊಟ್ಟಿಗೆಯಲ್ಲಿ. ಬಾಯಿಬಿಟ್ಟು ಹೇಳಲು ನನಗೆ ಮೊದಲಿನಿಂದಲೂ ನಾಚಿಕೆ. ಬರೆದರೆ ಯಾರೂ ಎದುರಿಗೆ ಕೂತು ಮುಖ ನೋಡುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಜಿಲ್ಲೆ ಮುಂಬಯಿಯ ಕಡೆಯಿಂದ ಮೈಸೂರಿಗೆ ಸೇರಿದ ವರ್ಷ ನನ್ನ ಮದುವೆಯಾಯಿತು. ತವರು ಯಲ್ಲಾಪುರದ ಹತ್ತಿರದ ಹಳ್ಳಿ, ಗಂಡನ ಮನೆ ಸಿದ್ದಾಪುರದ ಕಡೆ. ಊರಿನ ಶಾಲೆಯಲ್ಲಿ ಇದ್ದಷ್ಟು ತರಗತಿ ಓದಿದ್ದೆ. ಹೊರಡುವ ದಿನ ನನ್ನ ಆಯಿ, ಎಂದರೆ ಅಮ್ಮ, ನನ್ನ ಎರಡೂ ಕೈ ಹಿಡಿದು ಬಳೆಗಳನ್ನು ಮಣಿಕಟ್ಟಿನಿಂದ ಮೇಲಕ್ಕೆ, ಮೊಣಕೈಯ ತನಕ ಒತ್ತಿ ಏರಿಸಿದಳು. ‘ದೊಡ್ಡವು ಜಗಲಿಲಿ ಕೂತಿರ್ತ. ಬಳೆ ಸದ್ದು ಮಾಡ್ಕ್ಯಂಡು ಓಡಾಡಡ ಕೂಸೆ. ಸೊಸೆ ಬಂದಿದ್ದೂ ತೆಳೀಲಾಗ, ಹೋಗಿದ್ದೂ ತೆಳೀಲಾಗ’ ಎಂದಳು. ನಾನು ಹಾಗೆಯೇ ಮಾಡಿದೆ. ಏರಿಸಿ ಏರಿಸಿ ಕೈಯಲ್ಲಿ ಕೆಂಪು ಗೆರೆ ಬಿದ್ದಿತ್ತು. ಮಾವನವರ ಜೊತೆ ಮೂರು ವರ್ಷದಲ್ಲಿ ನಾನು ಆಡಿದ್ದು ಹತ್ತು ಮಾತಿರಬಹುದು. ಕೆಮ್ಮಿಗೆ ಕಾಫಿ, ಅಷ್ಟೇ ನಮ್ಮ ಮಾತುಕತೆ.

ಅತ್ತೆ ಹಾಗಲ್ಲ. ಅವರು ಮನೆಯ ಯಾವ ಮೂಲೆಯಲ್ಲಿದ್ದಾರೆಂದು ಕಣ್ಣು ಮುಚ್ಚಿ ಹೇಳಬಹುದಿತ್ತು. ಎರಡೂ ಕೈಗೆ ಡಜನ್ ಡಜನ್ ದಪ್ಪ ಹಸಿರು ಗಾಜಿನ ಬಳೆ. ಮನೆಯೊಡತಿ ಸದ್ದು ಮಾಡಬಹುದು, ಸೊಸೆ ಮಾಡಬಾರದು. ಇದು ಅನ್ಯಾಯವೆಂದು ಆಗ ನನಗೆ ಹೊಳೆದಿರಲಿಲ್ಲ.

ಕೊಟ್ಟಿಗೆಯಲ್ಲಿ ಅವರದೊಂದು ಎಮ್ಮೆ ಇತ್ತು. ಅವರದು ಎಂದೇ ಹೇಳಬೇಕು, ಯಾಕೆಂದರೆ ಮತ್ತೆ ಯಾರಿಗೂ ಅದು ಹಾಲು ಕೊಡುತ್ತಿರಲಿಲ್ಲ. ಅದರ ಕರು ಎರಡು ತಿಂಗಳಿಗೇ ಸತ್ತಿತ್ತು. ಕರು ಸತ್ತರೆ ಚರ್ಮಕ್ಕೆ ಹುಲ್ಲು ತುಂಬಿಸಿ ಎದುರಿಗೆ ನಿಲ್ಲಿಸುವುದು ನಮ್ಮ ಕಡೆ ವಾಡಿಕೆ. ಎಮ್ಮೆ ಅದನ್ನು ನೆಕ್ಕುತ್ತ ಸೊರೆ ಬಿಡುತ್ತದೆ, ಅಂದರೆ ಕೆಚ್ಚಲಿಗೆ ಹಾಲು ಇಳಿಸುತ್ತದೆ. ಅತ್ತೆ ಅದಕ್ಕೆ ಒಪ್ಪಲಿಲ್ಲ. ‘ಸತ್ತ ಕರು ತೋರ್ಸಿ ಹಾಲು ತಗಳದು ನನ್ನ ಕೈಲಿ ಆಗ್ತಿಲ್ಲೆ’ ಎಂದು, ತಾವೇ ದಿನಾ ಎರಡು ಹೊತ್ತು ಅದರ ಮುಂದೆ ಕೂತು, ಮೈ ತಿಕ್ಕಿ, ಮಾತಾಡಿಸಿ ಹಾಲು ಕರೆದರು. ಎಂಟು ಹತ್ತು ದಿನಕ್ಕೆ ಅದು ಕರುವಿಲ್ಲದೆಯೂ ಸೊರೆ ಬಿಡಲು ಕಲಿಯಿತು.

ಅವರು ಹೋಗುವ ಕ್ರಮ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅಡುಗೆಮನೆಯ ಹಿಂಬಾಗಿಲಿನಿಂದ ಕೊಟ್ಟಿಗೆಗೆ ಮೂರು ಮೆಟ್ಟಿಲು. ಎಡಗೈಯಲ್ಲಿ ಅಕ್ಕಿ ತೊಳೆದ ನೀರಿಗೆ ಗಂಜಿ, ಹಿಂಡಿ ಕಲಸಿದ ಅಕ್ಕಚ್ಚಿನ ಬಕೆಟ್ಟು, ಬಲಗೈಯಲ್ಲಿ ತಾಮ್ರದ ಚೊಂಬು. ಒಂದೊಂದು ಮೆಟ್ಟಿಲಿಗೂ ಬಳೆ ಚೊಂಬಿಗೆ ಬಡಿದು ಝಲ್ ಝಲ್ ಎನ್ನುತ್ತಿತ್ತು. ಮೊದಲ ಮೆಟ್ಟಿಲಿಗೇ ಎಮ್ಮೆ ಮೆಲುಕು ನಿಲ್ಲಿಸಿ ಕಿವಿ ತಿರುಗಿಸುತ್ತಿತ್ತು. ಮೂರನೆಯ ಮೆಟ್ಟಿಲು ಇಳಿದು ಅಕ್ಕಚ್ಚನ್ನು ಮರಿಗೆಗೆ, ಎಂದರೆ ಮರದ ತೊಟ್ಟಿಗೆ, ಸುರಿಯುವ ಮೊದಲೇ ಮೊಲೆಯ ತುದಿಯಲ್ಲಿ ಹಾಲಿನ ಹನಿ ನಿಂತಿರುತ್ತಿತ್ತು. ಇದನ್ನು ನಾನು ಬಾಗಿಲಲ್ಲಿ ನಿಂತು ನೂರು ಸಲ ನೋಡಿದ್ದೆ. ನೋಡಿದ್ದೆ ಅಷ್ಟೇ, ಯೋಚಿಸಿರಲಿಲ್ಲ.

ಮೂರನೆಯ ವರ್ಷ, ಚಳಿಗಾಲದಲ್ಲಿ ಮಾವನವರು ತೀರಿಕೊಂಡರು. ಅತ್ತೆಯ ಬಳೆ ತೆಗೆದರು. ಆ ಕಾಲದ ಪದ್ಧತಿಯಂತೆ ಏನೇನು ಆಗಬೇಕೋ ಎಲ್ಲವೂ ಆಯಿತು. ಅದನ್ನೆಲ್ಲ ಬರೆಯುವುದಿಲ್ಲ. ಅವರ ಮೈಗೆ ವಿಧವೆಯರು ಉಡುವ ಕೆಂಪು ಸೀರೆ ಬಂತು, ಬೀಗದ ಕೈ ಹಿರಿಯ ಸೊಸೆಯ ಸೊಂಟಕ್ಕೆ ಹೋಯಿತು, ಬಾಗಿಲಿಗೆ ರಂಗೋಲಿ ಹಾಕುವುದು, ಮುತ್ತೈದೆಯರಿಗೆ ಕುಂಕುಮ ಕೊಡುವುದು ಎಲ್ಲವೂ ಒಂದೇ ವಾರದಲ್ಲಿ ಅವರ ಕೈಯಿಂದ ಜಾರಿದವು. ಉಳಿದದ್ದು ಹಾಲು ಕರೆಯುವುದೊಂದು.

ಕ್ರಿಯೆಯ ಹದಿಮೂರು ದಿನ ಅತ್ತೆ ಮೂಲೆ ಬಿಟ್ಟು ಏಳುವಂತಿರಲಿಲ್ಲ, ಎಮ್ಮೆಯ ಕೆಳಗೆ ನಾನು ಕೂತೆ. ಅದು ಹಾಲು ಮೇಲಕ್ಕೆ ಎಳೆದುಕೊಂಡು ನಿಂತಿತು. ಎಷ್ಟು ಎಳೆದರೂ ಚೊಂಬಿನ ತಳ ಮುಚ್ಚುತ್ತಿರಲಿಲ್ಲ. ‘ಯಜಮಾನ ಹೋಯ್ದಾ ಹೇಳಿ ಅದಕ್ಕೂ ಬೇಜಾರು’ ಎಂದು ಬಂದವರೆಲ್ಲ ಹೇಳಿದರು. ಅತ್ತೆ ಕೂತಲ್ಲಿಂದಲೇ, ‘ಆನು ಎದ್ದು ಬಂದ್ರೆ ಸಮಾ ಆಗ್ತು ಬಿಡು’ ಎಂದರು. ಆ ಹದಿಮೂರು ದಿನದಲ್ಲಿ ಅವರ ಬಾಯಿಂದ ಬಂದ ಒಂದೇ ಧೈರ್ಯದ ಮಾತು ಅದು.

ಹದಿನಾಲ್ಕನೆಯ ದಿನ ಬೆಳಿಗ್ಗೆ ಅತ್ತೆ ಬಕೆಟ್ಟು, ಚೊಂಬು ಹಿಡಿದು ಮೆಟ್ಟಿಲಿಳಿದರು. ಎಮ್ಮೆ ತಲೆಯೆತ್ತಿ ನೋಡಿತು. ಬುಸ್ ಎಂದು ಹಿಂದೆ ಸರಿಯಿತು. ಅತ್ತೆ ಮೈ ತಿಕ್ಕಿದರು, ಮಾತಾಡಿಸಿದರು. ಒಂದು ಹನಿ ಇಳಿಯಲಿಲ್ಲ. ಸಂಜೆಯೂ ಅಷ್ಟೇ, ಮರುದಿನವೂ ಅಷ್ಟೇ. ಮೂರನೆಯ ದಿನ ಕಾಲು ಬೀಸಿ ಚೊಂಬನ್ನು ಗೋಡೆಗೆ ಒದೆಯಿತು. ಅತ್ತೆ ಚೊಂಬು ಎತ್ತಿಕೊಂಡು ಒಳಗೆ ಬಂದು, ತೊಳೆದು, ಬಚ್ಚಲ ಗೂಟಕ್ಕೆ ಬೋರಲು ಹಾಕಿದರು.

‘ಎಮ್ಮೆಗೂ ಗೊತ್ತಾಯ್ದು, ಆನು ಎಂತ ಆಜಿ ಹೇಳಿ’ ಎಂದು ತಮ್ಮ ಕೆಂಪು ಸೀರೆ ನೋಡಿಕೊಂಡರು. ಅತ್ತರೆ ಸಮಾಧಾನ ಮಾಡಬಹುದಿತ್ತು. ಅವರು ಅಳಲಿಲ್ಲ. ಅಡುಗೆಮನೆಯ ಆಚೆ ಒಂದು ಕತ್ತಲೆ ಕೋಣೆ ಇತ್ತು, ಅಲ್ಲಿ ಚಾಪೆ ಹಾಸಿ ಗೋಡೆಗೆ ಮುಖ ಮಾಡಿ ಕೂತರು. ಕರೆದರೆ ಊಟಕ್ಕೆ ಬರುತ್ತಿದ್ದರು. ಮನುಷ್ಯರು ಬೇಡವೆಂದಿದ್ದನ್ನು ಅವರು ಸಹಿಸಿದ್ದರು, ಅದು ರೂಢಿ ಎಂದುಕೊಂಡು. ರೂಢಿ ಗೊತ್ತಿಲ್ಲದ ಎಮ್ಮೆಯೂ ಬೇಡವೆಂದರೆ ಅದು ದೇವರೇ ಹೇಳಿಸಿದ ಮಾತು ಎಂದು ನಂಬಿಬಿಟ್ಟರು. ಮನೆಯವರೂ ಅದನ್ನೇ ನಂಬಿದರು. ತೋರಿಸಿಕೊಳ್ಳಲಿಲ್ಲ ಅಷ್ಟೇ.

ಮನೆಯ ವ್ಯವಹಾರ ಈಗ ನನ್ನ ಗಂಡನ ಅಣ್ಣನ ಕೈಗೆ ಬಂದಿತ್ತು. ನಾನು ಅವರನ್ನು ಭಾವ ಎನ್ನುತ್ತಿದ್ದೆ. ‘ಹಾಲು ಕೊಡದ ಎಮ್ಮೆ ಕಟ್ಕ್ಯಂಡು ಎಂತ ಮಾಡದು’ ಎಂದು ಅವರು ಬನವಾಸಿ ಕಡೆಯ ಬೇಸಾಯಗಾರರೊಬ್ಬರಿಗೆ ಹೇಳಿ ಕಳಿಸಿದರು. ಆ ಬೇಸಾಯಗಾರರು ಬಂದು, ಎಮ್ಮೆಯ ಬೆನ್ನು ತಟ್ಟಿ, ಹಲ್ಲು ನೋಡಿ, ‘ಮೈಗೆ ಚಲೋ ಐತ್ರಿ. ಸದ್ಯ ಸುಗ್ಗಿ ಕೆಲಸ ಐತಿ, ಹೋಳಿ ಹುಣ್ಣಿಮಿ ಮುಗಿಸ್ಕೊಂಡು ಬಂದು ಹೊಡ್ಕೊಂಡು ಹೊಕ್ಕೇನ್ರಿ’ ಎಂದು ಜಗಲಿಯಲ್ಲಿ ಕೂತರು. ಕೂತವರು ಎರಡು ಸಲ ಕೆಮ್ಮಿದರು.

ನಾನು ಒಳಗೆ ಅಕ್ಕಿ ಆರಿಸುತ್ತಿದ್ದವಳು ಎದ್ದು ಕಾಫಿಗೆ ನೀರಿಟ್ಟೆ. ಬೆಲ್ಲ ಹಾಕುವಾಗ ಕೈ ನಿಂತಿತು. ಮಾವನವರು ಹೋಗಿ ತಿಂಗಳಾಯಿತು, ಕೆಮ್ಮಿದ್ದು ಯಾರು? ಕೈಗೆ ಅದು ಗೊತ್ತೇ ಇರಲಿಲ್ಲ. ನನಗೆ ನಗು ಬಂತು. ಕಾಫಿಯನ್ನಂತೂ ಕೊಟ್ಟೆ, ಹೇಗೂ ಇಟ್ಟಾಗಿತ್ತು.

ನಿಮ್ಮ ಅಜ್ಜ ಆಗ ಪ್ರಾಥಮಿಕ ಶಾಲೆಯ ಮಾಸ್ತರು. ಆ ವರ್ಷ ಟ್ರೇನಿಂಗಿಗೆಂದು ಧಾರವಾಡದ ಕಡೆ ಹೋಗಿದ್ದವರು ಆಗ ನಾಲ್ಕು ದಿನ ರಜೆಗೆ ಬಂದಿದ್ದರು. ಅವರಿಗೆ ಗಟ್ಟಿಯಾಗಿ ಓದದೆ ಏನೂ ತಲೆಗೆ ಹೋಗುತ್ತಿರಲಿಲ್ಲ. ಆ ಸಂಜೆ ಹಿಂಬಾಗಿಲ ಹೊಸ್ತಿಲ ಮೇಲೆ ಕೂತು ಟಿಪ್ಪಣಿ ಪುಸ್ತಕ ಓದುತ್ತಿದ್ದರು. ರಷ್ಯಾದಲ್ಲಿ ಒಬ್ಬ ವಿಜ್ಞಾನಿಯಂತೆ. ನಾಯಿಗೆ ಊಟ ಕೊಡುವಾಗಲೆಲ್ಲ ಒಂದು ಸದ್ದು ಮಾಡಿದನಂತೆ. ಕೆಲವು ದಿನದ ಮೇಲೆ ಊಟವಿಲ್ಲದೆ ಬರೀ ಸದ್ದು ಮಾಡಿದರೂ ನಾಯಿ ಜೊಲ್ಲು ಸುರಿಸಿತಂತೆ.

ನಾನು ಮುಸಿಮುಸಿ ನಕ್ಕೆ.

‘ಎಂತಕ್ಕೆ ನಗ್ತೆ? ಇದು ಪರೀಕ್ಷೆಗೆ ಬಪ್ಪ ಪ್ರಶ್ನೆ, ಮಾರಾಯ್ತಿ.’

‘ಆ ನಾಯಿ ಆನೇಯ’ ಎಂದು ನನ್ನನ್ನೇ ತೋರಿಸಿಕೊಂಡೆ. ಜಗಲಿಯ ಕೆಮ್ಮಿನ ಕತೆ ಹೇಳಿದೆ.

ಅವರು ಪುಸ್ತಕ ಮುಚ್ಚಿ ಜೋರಾಗಿ ನಕ್ಕರು. ‘ಹಂಗಾರೆ ಗಂಟೆ ಎಂತಕ್ಕೆ? ಧಾರವಾಡಕ್ಕೆ ಹೋದ್ಮೇಲೆ ಕಾರ್ಡಿನಲ್ಲಿ ಒಂದು ಕೆಮ್ಮು ಬರ್ದು ಕಳಿಸ್ತೆ, ಕಾಫಿ ಮಾಡು.’

ನಾನು ನಗಲಿಲ್ಲ. ಕೊಟ್ಟಿಗೆಯಲ್ಲಿ ಎಮ್ಮೆ ಮೆಲುಕು ಹಾಕುವುದು ಕಾಣುತ್ತಿತ್ತು. ಮೂರು ಮೆಟ್ಟಿಲು ಕಾಣುತ್ತಿದ್ದವು. ಝಲ್ ಝಲ್ ಎನ್ನುವುದು ನನ್ನ ಕಿವಿಯೊಳಗೇ ಕೇಳಿತು.

‘ಬಳೆ’ ಎಂದೆ.

‘ಎಂತ ಬಳೆ?’

‘ಅದು ಅತ್ತೆ ಬೇಡ ಹೇಳ್ತಾ ಇಲ್ಲೆ. ಅದಕ್ಕೆ ಬಳೆ ಕೇಳ್ತಾ ಇಲ್ಲೆ.’

ಮದುವೆಯಾದ ಮೇಲೆ ನಾನು ಅವರಿಗೆ ಹೇಳಿಕೊಟ್ಟ ಮೊದಲ ಸಂಗತಿ ಅದು. ಅವರು ಕೊಟ್ಟಿಗೆಯ ಕಡೆ ತಿರುಗಿ ನೋಡಿ, ‘ನಮ್ಮ ಟ್ರೇನಿಂಗಿನ ಮಾಸ್ತರಿಗೂ ಇಷ್ಟು ಬೇಗ ಹೊಳೀತಿತ್ತಿಲ್ಲೆ’ ಎಂದರು.

ಮರುದಿನ ಬೆಳಿಗ್ಗೆ ನನ್ನ ಬಳೆಗಳನ್ನು ಮೊಣಕೈಯಿಂದ ಮಣಿಕಟ್ಟಿಗೆ ಇಳಿಸಿಕೊಂಡು ಕೊಟ್ಟಿಗೆಗೆ ಹೋದೆ. ಹದಿಮೂರು ದಿನ ನಾನೇ ಕೂತಿದ್ದೆನಲ್ಲ, ಆಗ ಸದ್ದು ಮಾಡದ ಸೊಸೆಯಾಗಿಯೇ ಕೂತಿದ್ದೆ. ಈಗ ಮೆಟ್ಟಿಲಿಗೊಂದು ಸಲ ಚೊಂಬಿಗೆ ಬಡಿದೆ. ಎಮ್ಮೆ ಮೆಲುಕು ನಿಲ್ಲಿಸಿತು. ಕಿವಿ ತಿರುಗಿಸಿತು. ಅಷ್ಟೇ, ಮತ್ತೆ ಮೆಲುಕು. ನನ್ನದು ಸಣ್ಣ ಬಳೆ, ಕೈಗೆ ನಾಲ್ಕೇ. ಅದಕ್ಕೆ ದೂರದಲ್ಲಿ ಯಾರೋ ಕರೆದಂತಾಗಿರಬೇಕು.

ರಜೆ ಮುಗಿದು ನಿಮ್ಮ ಅಜ್ಜ ಹೊರಟಾಗ, ಅವರನ್ನು ಬಸ್ಸು ಹತ್ತಿಸುವ ನೆವ ಮಾಡಿ ನಾನೂ ಶಿರಸಿಗೆ ಹೋದೆ. ಪೇಟೆ ಕೆಲಸಕ್ಕೆ ಬಂದ ಭಾವನ ಜೊತೆ ಹಿಂದಿರುಗುವುದೆಂದಾಗಿತ್ತು. ಬಳೆ ಅಂಗಡಿಯಲ್ಲಿ ನಾನು ಒಂದೊಂದೇ ಕಟ್ಟು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, ಅಲ್ಲವೆಂದು ಕೆಳಗಿಟ್ಟೆ. ಅಂಗಡಿಯವರು ಐದಾರು ಕಟ್ಟಿನ ತನಕ ಸುಮ್ಮನಿದ್ದರು.

‘ಅಮ್ಮಾ, ಬಳೆ ಕಣ್ಣಿಂದ ನೋಡಿ ತಗೊಳ್ಳೋರನ್ನ ಕಂಡೇನಿ. ಕಿವಿಗೆ ಹಿಡಿದು ತಗೊಳ್ಳೋರು ನೀವೇ ಮೊದಲು.’

ನನಗೆ ನೆಲಕ್ಕೆ ಇಳಿದುಹೋಗೋಣ ಎನ್ನಿಸಿತು. ನಿಮ್ಮ ಅಜ್ಜ ಪೆಟ್ಟಿಗೆ ಹಿಡಿದು ನಿಂತವರು, ‘ಬಳೆ ಅವಳಿಗಲ್ಲ, ನಮ್ಮನೆ ಎಮ್ಮೆಗೆ’ ಎಂದುಬಿಟ್ಟರು.

‘ಹೌದಾ? ಹಾಗಿದ್ರೆ ಕಾಲಿನ ಅಳತೆ ತಂದೀರೋ?’

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನು ತಲೆ ಬಗ್ಗಿಸಿಕೊಂಡೇ ಇನ್ನೊಂದು ಕಟ್ಟು ಎತ್ತಿ ಅಲ್ಲಾಡಿಸಿದೆ. ಅದೇ ಸದ್ದು. ದಪ್ಪ ಹಸಿರು ಗಾಜು, ಅತ್ತೆಯ ಮಣಿಕಟ್ಟಿನದೇ. ‘ಇದು’ ಎಂದೆ. ನಾಚಿಕೆಯಾದರೂ ಬೇಕಾದದ್ದು ಬಿಡಬಾರದೆಂದು ಆ ದಿನ ಕಲಿತೆ.

ಆ ಸಂಜೆಯೇ ಎರಡೂ ಕೈ ತುಂಬ ತೊಟ್ಟು ಮೆಟ್ಟಿಲಿಳಿದೆ. ಝಲ್. ಎಮ್ಮೆ ತಿರುಗಿತು. ಝಲ್. ಬಾಲ ಎತ್ತಿತು. ಮೂರನೆಯದಕ್ಕೆ ಕೆಚ್ಚಲು ತುಂಬಿಕೊಂಡು ಹಾಲು ತಾನೇ ತೊಟ್ಟಿಕ್ಕತೊಡಗಿತು. ನನಗೆ ಎಷ್ಟು ಖುಷಿಯಾಯಿತೆಂದರೆ ಕೂರುವುದನ್ನೇ ಮರೆತು ನಿಂತಿದ್ದೆ. ಕಾಲು ಚೊಂಬಿನಷ್ಟು ಹಾಲು ನೆಲಕ್ಕೇ ಹೋಯಿತು.

ತುಂಬಿದ ಚೊಂಬು ಹಿಡಿದು ಒಳಗೆ ಬರುವಾಗ ಕತ್ತಲೆ ಕೋಣೆಯಿಂದ ಅತ್ತೆಯ ದನಿ ಬಂತು.

‘ಯಾರದ್ದೇ ಆ ಬಳೆ?’

‘ನಂದು ಅತ್ತೆ. ಹೊಸದು.’

ಅವರು ಚಾಪೆಯ ಮೇಲೆ ಇನ್ನೊಂದು ಮಗ್ಗುಲಿಗೆ ತಿರುಗಿದ್ದು ಮಾತ್ರ ಕೇಳಿತು.

ನಾನು ಚೊಂಬು ಹಿಡಿದು ಅಲ್ಲೇ ನಿಂತೆ. ಅವರ ಕೈಯಿಂದ ತೆಗೆದ ಸದ್ದನ್ನು ನಾನು ನನ್ನ ಕೈಗೆ ಹಾಕಿಕೊಂಡು ಅವರ ಕಿವಿಯ ಪಕ್ಕದಲ್ಲೇ ಓಡಾಡಿದ್ದೆ. ಹಾಲು ಬಂತು, ಎಮ್ಮೆ ಮನೆಯಲ್ಲಿ ಉಳಿಯಬಹುದು, ಎಲ್ಲರೂ ನನ್ನನ್ನು ಜಾಣೆ ಎನ್ನಬಹುದು. ಆದರೆ ಅತ್ತೆ ಆ ಕೋಣೆಯಲ್ಲೇ ಉಳಿಯುತ್ತಾರೆ, ಮೊದಲಿಗಿಂತ ಗಟ್ಟಿಯಾಗಿ. ಮುತ್ತೈದೆಯ ಕೈಗೆ ಹಾಲು, ತಮಗೆ ಒದೆ ಎಂದು ಅವರಿಗೆ ಇನ್ನೊಂದು ಸಾಕ್ಷಿ ಸಿಕ್ಕಂತಾಯಿತು. ಅಂದು ಭಾವನಿಗೂ ಓರಗಿತ್ತಿಗೂ ಎಲ್ಲ ಬಿಡಿಸಿ ಹೇಳುವ ಬದಲು ಬಾಯಿ ಮುಚ್ಚಿಕೊಂಡೆ. ಎಮ್ಮೆ ಉಳಿಯಿತು ಎಂದು ಅವರಿಗೆ ಅನ್ನಿಸಿದರೆ ಆಮೇಲೆ ಯಾರಿಗೂ ಅತ್ತೆಯ ನೆನಪಾಗುವುದಿಲ್ಲ. ಹೋಳಿಗೆ ಇನ್ನೂ ಇಪ್ಪತ್ತು ದಿನವಿತ್ತು. ಅಷ್ಟರೊಳಗೆ ಬಳೆಯಿಲ್ಲದ ಕೈಯಿಂದ ಮಾಡಬಹುದಾದ ಒಂದು ಸದ್ದನ್ನು ಎಮ್ಮೆಗೆ ಕಲಿಸಬೇಕಿತ್ತು.

ಅಕ್ಕಚ್ಚು ತೋಡಲು ಒಂದು ತೆಂಗಿನ ಚಿಪ್ಪಿನ ಸೌಟು ಇತ್ತು. ಅದರ ಹಿಡಿಯಿಂದ ಮರಿಗೆಯ ಅಂಚಿಗೆ ಮೂರು ಸಲ ತಟ್ಟುವುದು, ಟಕ್ ಟಕ್ ಟಕ್. ಇದಾದರೆ ಯಾರ ಕೈಯಲ್ಲಾದರೂ ನಡೆಯುತ್ತದೆ, ಯಾವ ಶಾಸ್ತ್ರದ ಅಡ್ಡಿಯೂ ಇಲ್ಲ.

ಮೊದಲ ನಾಲ್ಕು ದಿನ ನಾನು ತಪ್ಪು ಮಾಡಿದೆ. ಬಳೆ ಸದ್ದು ಮಾಡಿ, ಅಕ್ಕಚ್ಚು ಸುರಿದು, ಹಾಲು ಇಳಿದ ಮೇಲೆ ತಟ್ಟುತ್ತಿದ್ದೆ. ಎಮ್ಮೆ ಅಕ್ಕಚ್ಚಿನೊಳಗೆ ಮೂತಿ ಹಾಕಿಕೊಂಡು ತಟ್ಟಿದ್ದನ್ನು ಕೇಳಿಯೇ ಇಲ್ಲವೆನ್ನುವಂತಿತ್ತು. ಐದನೆಯ ದಿನ ಬರೀ ತಟ್ಟಿ ನೋಡಿದರೆ ಏನೂ ಇಲ್ಲ. ಆಗ ಕೂತು ಯೋಚಿಸಿದೆ. ಮಾವನವರು ಮೊದಲು ಕೆಮ್ಮುತ್ತಿದ್ದರು, ಆಮೇಲೆ ಕಾಫಿ. ಕಾಫಿ ಕುಡಿದ ಮೇಲೆ ಕೆಮ್ಮಿದ್ದರೆ ನಾನು ಏನು ಕಲಿಯುತ್ತಿದ್ದೆ? ಸದ್ದು ಮುಂದೆ ಬರಬೇಕು. ನಿಮ್ಮ ಅಜ್ಜನ ಟಿಪ್ಪಣಿಯಲ್ಲಿ ಎರಡೂ ‘ಒಟ್ಟಿಗೆ’ ಎಂದಷ್ಟೇ ಇತ್ತು. ಇದನ್ನು ನಾನೇ ಕಂಡುಕೊಂಡೆ.

ಆಮೇಲೆ ಕ್ರಮ ಬದಲಿಸಿದೆ. ಮೊದಲು ಮರಿಗೆಗೆ ಮೂರು ತಟ್ಟು, ಕೂಡಲೇ ಬಳೆ ಝಲ್, ಕೂಡಲೇ ಅಕ್ಕಚ್ಚು. ದಿನಾ ಎರಡು ಹೊತ್ತು, ಒಂದು ದಿನ ತಪ್ಪಿಸದೆ, ಒಂದೇ ಮಾದರಿ. ನಾಲ್ಕು ದಿನಕ್ಕೆ ತಟ್ಟಿದ ಕೂಡಲೇ ಕಿವಿ ತಿರುಗಿತು. ಆರನೆಯ ದಿನ ಬಳೆಗೆ ಮೊದಲೇ ಹನಿ ನಿಂತಿತು. ನಾನು ಆಸೆಗೆ ಬಿದ್ದು ಅಂದೇ ಸಂಜೆ ಹೊಸ ಬಳೆ ಎಲ್ಲ ತೆಗೆದಿಟ್ಟು ಹೋದೆ. ಎಮ್ಮೆ ಸೊರೆ ಬಿಡಲಿಲ್ಲ. ಮತ್ತೆ ಬಳೆ ತೊಟ್ಟೆ. ಈ ಸಲ ಅವಸರ ಮಾಡಲಿಲ್ಲ. ದಿನಕ್ಕೆ ಎರಡೆರಡೇ ಬಳೆ ಕಡಿಮೆ ಮಾಡುತ್ತ ಬಂದೆ. ಸದ್ದು ತೆಳ್ಳಗಾಗುತ್ತ ಹೋಯಿತು, ಎಮ್ಮೆಗೆ ತಿಳಿಯಲೇ ಇಲ್ಲ.

ಭಾವ ಒಂದು ದಿನ ಬಾಗಿಲಲ್ಲಿ ನಿಂತು ನೋಡಿ, ‘ತಂಗಿ, ಮಾರೋ ಎಮ್ಮೆ ಮುಂದೆ ತಾಳ ಹಾಕ್ತಾ ಭಜನೆ ಎಂತಕ್ಕೆ?’ ಎಂದರು. ನಾನು ತಲೆ ಬಗ್ಗಿಸಿದೆ. ಹಾಲು ಎಲ್ಲಿಂದ ಬರುತ್ತಿದೆ ಎಂದು ಅವರು ಕೇಳಲಿಲ್ಲ. ಬರುತ್ತಿದೆಯಲ್ಲ ಎಂದು ಕುಡಿಯುತ್ತಿದ್ದರು. ಎಮ್ಮೆ ಮಾರುವ ಮಾತನ್ನೂ ಕೈಬಿಡಲಿಲ್ಲ. ‘ಆ ಮನಷ್ಯಂಗೆ ಮಾತು ಕೊಟ್ಟಾತು. ಇವತ್ತು ಕೊಡ್ತು, ನಾಳೆ ಮತ್ತೆ ಒದೀತು’ ಎಂದು ಓರಗಿತ್ತಿಗೆ ಹೇಳುವುದು ಕೇಳಿಸಿತು.

ಇನ್ನೊಂದು ದಿನ ಪುರೋಹಿತರು ಹಿತ್ತಿಲ ಕಲ್ಲಿಗೆ ತೆಂಗಿನಕಾಯಿ ತಟ್ಟಿ ತಟ್ಟಿ ನಾರು ಬಿಡಿಸುತ್ತಿದ್ದರು. ಓರಗಿತ್ತಿ ಓಡಿ ಬಂದು, ‘ಬಾರೇ, ಎಮ್ಮೆ ಸುಮ್ಮನೆ ನಿಂತಲ್ಲೇ ಹಾಲು ಸುರಿಸ್ತಾ ಇದ್ದು, ಕೆಚ್ಚಲಿಗೆ ಎಂತೋ ಆಯ್ದು!’ ಎಂದಳು. ನಾನು ಸೆರಗು ಬಾಯಿಗಿಟ್ಟುಕೊಂಡು ಚೊಂಬು ಹಿಡಿದು ಓಡಿದೆ. ಪುರೋಹಿತರಿಗೆ ಆ ದಿನ ದಕ್ಷಿಣೆಯ ಜೊತೆ ಒಂದು ಲೋಟ ಹಾಲೂ ಸಿಕ್ಕಿತು. ಯಾಕೆಂದು ಅವರಿಗೆ ಕೊನೆಯ ತನಕ ಗೊತ್ತಾಗಲಿಲ್ಲ.

ಹೋಳಿಯ ಹಿಂದಿನ ದಿನ ಉಳಿದ ನನ್ನ ಹಳೆಯ ಬಳೆಗಳನ್ನು ಮೇಲಕ್ಕೇರಿಸಿ, ಮೇಲೆ ಬಟ್ಟೆ ಸುತ್ತಿ, ಬರೀ ತಟ್ಟಿದೆ. ಎಮ್ಮೆ ಚೊಂಬು ತುಂಬಿಸಿತು.

ಇಷ್ಟೆಲ್ಲ ಮಾಡಿದವಳಿಗೆ ಅತ್ತೆಯ ಕೋಣೆಯ ಬಾಗಿಲು ದಾಟುವುದು ಹೆಚ್ಚು ಕಷ್ಟವಾಯಿತು. ಎಮ್ಮೆಗೆ ಕಲಿಸಬಹುದು. ಅತ್ತೆಗೆ ‘ಏಳಿ’ ಎನ್ನುವುದು ಹೇಗೆ? ಹುಣ್ಣಿಮೆ ಕಳೆದ ಮರುದಿನ ಬೆಳಿಗ್ಗೆ ಬನವಾಸಿ ಕಡೆಯವರು ಹಗ್ಗ ಹಿಡಿದು ಬಂದೇಬಿಟ್ಟರು. ಜಗಲಿಯಿಂದ ಭಾವನ ಜೊತೆ ಅವರ ಮಾತು ಕೇಳಿತು. ಇನ್ನು ನಾಚಿಕೆಗೆ ಸಮಯವಿರಲಿಲ್ಲ. ಕೋಣೆಯೊಳಗೆ ಹೋಗಿ ಚಿಪ್ಪಿನ ಸೌಟನ್ನು ಚಾಪೆಯ ಮೇಲೆ ಇಟ್ಟೆ.

‘ಅತ್ತೆ, ನಿಂಗ ಒಂದ್ಸಲ ಕೊಟ್ಟಿಗೆಗೆ ಬರವು.’

‘ಆನು ಬತ್ನಿಲ್ಲೆ. ಮತ್ತೆ ಒದೆ ತಿಂಬಲೆ ಆಗ್ತಿಲ್ಲೆ.’

‘ಒದೀತಿಲ್ಲೆ.’

‘ನಿಂಗೆಂತ ಗೊತ್ತು?’

‘ಗೊತ್ತಿದ್ದು’ ಎಂದೆ. ‘ಒದ್ರೆ ಆನು ನಾಳೆಯೇ ಯಲ್ಲಾಪುರಕ್ಕೆ ಆಯಿ ಮನೆಗೆ ಹೋಗ್ತೆ. ಮತ್ತೆ ಬತ್ನಿಲ್ಲೆ.’

ಹೇಳಿದ ಮೇಲೆ ನನಗೇ ಹೆದರಿಕೆಯಾಯಿತು. ಅತ್ತೆ ತಲೆಯೆತ್ತಿ ನನ್ನನ್ನು ನೋಡಿದರು. ಮೂರು ವರ್ಷದಲ್ಲಿ ನಾನು ಅವರ ಎದುರು ಇಷ್ಟು ಉದ್ದ ಮಾತಾಡಿರಲಿಲ್ಲ. ಆ ಆಶ್ಚರ್ಯಕ್ಕೇ ಎದ್ದರೋ ಏನೋ.

ಮೆಟ್ಟಿಲಿಳಿದಾಗ ಭಾವನೂ ಆ ಬೇಸಾಯಗಾರರೂ ಕೊಟ್ಟಿಗೆಯಲ್ಲಿದ್ದರು. ಹಗ್ಗ ಎಮ್ಮೆಯ ಕೊರಳಿಗೆ ಬಿದ್ದಾಗಿತ್ತು. ಎಮ್ಮೆ ಕೆಂಪು ಸೀರೆ ನೋಡಿ ಬುಸ್ ಎಂದಿತು. ಅತ್ತೆ ಅಲ್ಲೇ ನಿಂತರು, ಹಿಂದೆ ತಿರುಗಲು ನೋಡಿದರು. ದಾರಿಗೆ ಅಡ್ಡವಾಗಿ ನಾನು ನಿಂತಿದ್ದೆ.

‘ಮರಿಗೆ ಅಂಚಿಗೆ ಮೂರು ಸಲ ತಟ್ಟಿ’ ಎಂದೆ.

ಅವರು ತಟ್ಟಿದರು. ಮೆಲ್ಲಗೆ ತಟ್ಟಿದ್ದರಿಂದ ಸದ್ದು ಸರಿಯಾಗಿ ಬರಲಿಲ್ಲ. ಎಮ್ಮೆ ಸುಮ್ಮನಿತ್ತು.

‘ಗಟ್ಟಿ’ ಎಂದೆ.

ಟಕ್. ಟಕ್. ಟಕ್.

ಕಿವಿ ತಿರುಗಿತು. ಬಾಲ ಎದ್ದಿತು. ನಾನು ಅಕ್ಕಚ್ಚು ಸುರಿದೆ. ಅತ್ತೆ ನೋಡುತ್ತಿದ್ದ ಹಾಗೆಯೇ ಕೆಚ್ಚಲು ತುಂಬಿ, ನಾಲ್ಕೂ ಮೊಲೆಯಲ್ಲಿ ಹಾಲಿನ ಹನಿ ನಿಂತಿತು. ಅವರು ಕುಕ್ಕರುಗಾಲಿನಲ್ಲಿ ಕೂತರು. ನಾನು ಚೊಂಬು ಕೈಗಿಟ್ಟೆ. ಚೊಂಬಿಗೆ ಹಾಲಿನ ಧಾರೆ ಬಿದ್ದ ಸದ್ದಿಗೆ ಭಾವ ಬಾಯಿ ತೆರೆದು ನಿಂತರು.

ಹಗ್ಗ ಹಿಡಿದವರು ನಿಧಾನವಾಗಿ ಎಮ್ಮೆಯ ಕೊರಳಿನಿಂದ ಹಗ್ಗ ಬಿಚ್ಚಿದರು. ‘ಬ್ಯಾಡ್ರಿ ಹೆಗಡೇರ. ಈ ಎಮ್ಮಿ ನಮ್ಮನಿಗೆ ಬಂದು ಹಟ ಹಿಡಿದ್ರ, ನಾ ಏನ್ ತಟ್ಲಿ, ಹಣಿ ತಟ್ಕೊಳ್ಳಲ್ಯಾ? ಇದು ಅವ್ವಾರ ಎಮ್ಮಿ. ಇಲ್ಲೇ ಇರ್ಲಿ ಬಿಡ್ರಿ.’

ಅವರಿಗೆ ಅಂದು ಕೆಮ್ಮದೆಯೇ ಕಾಫಿ ಸಿಕ್ಕಿತು.

ಎಲ್ಲರೂ ಹೋದ ಮೇಲೆ ಅತ್ತೆ ಕೊಟ್ಟಿಗೆಯ ಮೆಟ್ಟಿಲ ಮೇಲೆ ಕೂತು ಹೇಗೆ ಮಾಡಿದೆಯೆಂದು ಕೇಳಿದರು. ನಾಯಿಯ ಕತೆ, ಕೆಮ್ಮಿನ ಕತೆ, ಬಳೆಯ ಕತೆ ಎಲ್ಲವನ್ನೂ ಹೇಳಿದೆ. ಎಲ್ಲ ಕೇಳಿ ಅವರು ಒಂದು ಪ್ರಶ್ನೆ ಹಾಕಿದರು. ಅದಕ್ಕೆ ನಾನು ತಯಾರಾಗಿರಲಿಲ್ಲ.

‘ಹಂಗಾರೆ ಇಷ್ಟು ದಿನ ಅದು ಹಾಲು ಕೊಟ್ಟಿದ್ದು ಬಳೆಗಾ? ನಂಗಲ್ದಾ?’

ಅದು ನಿಜವೇ. ಸುಳ್ಳು ಹೇಳಿ ಸಮಾಧಾನ ಮಾಡಲು ಬಾಯಿ ಬರಲಿಲ್ಲ. ‘ಹೌದು ಅತ್ತೆ’ ಎಂದೆ.

ಅವರು ಎಮ್ಮೆಯ ಕಡೆ ನೋಡಿದರು. ಅದು ಖಾಲಿ ಮರಿಗೆ ನೆಕ್ಕುತ್ತಿತ್ತು. ನೋಡುತ್ತ ನೋಡುತ್ತ ಅವರ ಮುಖ ಸಡಿಲಾಯಿತು.

‘ಹಂಗಾರೆ ಬೇಡ ಹೇಳಿದ್ದೂ ನಂಗಲ್ದ’ ಎಂದರು.

‘ಅಲ್ದ ಅತ್ತೆ.’

‘ಹಾಳು ಎಮ್ಮೆ’ ಎಂದು ನಕ್ಕರು. ಮಾವನವರು ಹೋದ ಮೇಲೆ ಅವರು ನಕ್ಕಿದ್ದು ಅದೇ ಮೊದಲು. ಚೊಂಬು ಮತ್ತೆ ಬಚ್ಚಲ ಗೂಟಕ್ಕೆ ಬೋರಲು ಬೀಳಲಿಲ್ಲ. ಕತ್ತಲೆ ಕೋಣೆಯ ಚಾಪೆಯನ್ನು ಅವರೇ ಸುತ್ತಿ ತಂದು ನಡುಮನೆಯಲ್ಲಿ ಹಾಸಿಕೊಂಡರು. ಹಾಲು, ಮಜ್ಜಿಗೆ, ಬೆಣ್ಣೆ ಮತ್ತೆ ಅವರ ಕೈಗೆ ಬಂದವು. ಆ ಎಮ್ಮೆಯ ನಂತರ ಬಂದ ಎಮ್ಮೆಗಳಿಗೂ ಅವರು ಮೊದಲ ದಿನದಿಂದಲೇ ತಟ್ಟಿ ಕಲಿಸಿದರು. ಸುತ್ತಲಿನ ಮನೆಯವರು ಕಲಿಯಲು ಬಂದರೆ, ‘ಮೊದ್ಲು ತಟ್ಟು, ಆಮೇಲೆ ಅಕ್ಕಚ್ಚು. ಹಿಂದೆ ಮುಂದೆ ಮಾಡಿದ್ರೆ ಆಗ್ತಿಲ್ಲೆ’ ಎಂದು ಮಾಸ್ತರರ ಹಾಗೆ ಹೇಳುತ್ತಿದ್ದರು. ನಿಮ್ಮ ಅಜ್ಜ ಪರೀಕ್ಷೆಯಲ್ಲಿ ನಾಯಿಯ ಜೊತೆಗೆ ಎಮ್ಮೆಯನ್ನೂ ಬರೆದು ಪಾಸಾದರು. ಎಮ್ಮೆಗೆ ಎಷ್ಟು ಅಂಕ ಬಂತೆಂದು ಗೊತ್ತಾಗಲಿಲ್ಲ.

ಆ ದಿನವೇ ನಡೆದ ಇನ್ನೊಂದು ಮಾತನ್ನು ಹೇಳಿ ಮುಗಿಸುತ್ತೇನೆ. ಮೆಟ್ಟಿಲ ಮೇಲಿಂದ ಏಳುವಾಗ ಅತ್ತೆ ನನ್ನ ಕೈ ಹಿಡಿದುಕೊಂಡರು. ಬಟ್ಟೆ ಸುತ್ತಿ ಮೊಣಕೈಗೆ ಏರಿಸಿದ್ದ ಬಳೆಗಳನ್ನು ನೋಡಿ, ಬಟ್ಟೆ ಬಿಚ್ಚಿ, ಒಂದೊಂದಾಗಿ ಮಣಿಕಟ್ಟಿಗೆ ಇಳಿಸಿದರು.

‘ಕೆಳಗೇ ಇರ್ಲೆ ಕೂಸೆ. ನೀ ಬಂದಿದ್ದು ತೆಳೀಲಿ.’

ಅಂದಿನಿಂದ ನನ್ನ ಬಳೆ ಕೆಳಗೇ ಇವೆ. ನಿಮ್ಮ ಅಜ್ಜ ಹೋದಾಗ ತೆಗೆಯಲು ಬಂದ ಹೆಂಗಸರಿಗೆ, ‘ಎರಡು ಇರಲಿ’ ಎಂದೆ. ಯಾಕೆಂದು ಕೇಳಿದವರಿಗೆ ಎಮ್ಮೆಯ ಕತೆಯನ್ನು ಮೊದಲಿನಿಂದ ಹೇಳಲು ಶುರುಮಾಡಿದೆ. ಅರ್ಧಕ್ಕೇ ಒಪ್ಪಿಕೊಂಡರು.